ನಡುಬಾಗಿಲು

ಹೋದ ವರ್ಷದ ತನಕ ಶೆಫೀಲ್ಡಿನ ನಮ್ಮ ಬಸ್ಸಿಗೆ
ಒಂದೇ ಬಾಗಿಲು.
ಹತ್ತಿದಲ್ಲೇ ಇಳಿಯಬೇಕು,
ಇಳಿಯುವವರು ಸಾಲೆಹ್‌ನ ಮೊಣಕೈ ದಾಟಿಯೇ ಹೋಗಬೇಕು.
ದಾಟುವಾಗ ಒಂದು ಮಾತು:
ಟಾ ಲವ್, ಚಿಯರ್ಸ್ ಲವ್, ಥ್ಯಾಂಕ್ಯೂ ಲವ್.
ಗಂಡಸು ಗಂಡಸಿಗೇ ಲವ್ ಅನ್ನುವ ಊರು.
ಮೊದಲ ವಾರ ನಾನು ಕಿವಿ ಉಜ್ಜಿಕೊಂಡೆ.

ನನ್ನ ಕೆಲಸವೂ ಕಿವಿಯದೇ.
ಆಸ್ಪತ್ರೆಯ ಎರಡನೇ ಮಹಡಿ, ಸದ್ದು ಹೀರುವ ಗೋಡೆ,
ಬೀಪ್ ಕೇಳಿಸಿದರೆ ಗುಂಡಿ ಒತ್ತಿ
ಅನ್ನುತ್ತಿರುತ್ತೇನೆ ಸಂಜೆಯ ತನಕ.

ಊರು ಗದಗ. ಅಲ್ಲಿ ಇಳಿಯುವಾಗ
ಡ್ರೈವರಿಗೆ ಯಾರೂ ಏನೂ ಅನ್ನುವುದಿಲ್ಲ.
ಧನ್ಯವಾದ ಎಂಬುದು ವೇದಿಕೆಯ ಮಾತು,
ಕಟ್ಟಕಡೆಗೆ, ಮೈಕು ಕುಂಯ್‌ಗುಡುವಾಗ,
ಜನ ಎದ್ದು ಚಪ್ಪಲಿ ಹುಡುಕುವಾಗ.
ನಮ್ಮ ನಂಟು ಬೇರೆ.
ಕಿಟಕಿಯಿಂದ ತೂರಿದ ಟವೆಲ್ಲು ಸೀಟಿಗೆ ಬಿತ್ತೋ, ಅದೇ ಖಾತೆ ಪತ್ರ.
ಕಂಡಕ್ಟರನ ಚೀಲದಲ್ಲಿ ಚಿಲ್ಲರೆ ಇಲ್ಲವೋ,
ಇಬ್ಬರಿಗೆ ಸೇರಿ ಒಂದೇ ನೋಟು:
'ಇಳದ ಮ್ಯಾಲೆ ಹಂಚ್ಕೋರಿ.'
ಗುರುತಿಲ್ಲದ ಗಂಡಸೊಬ್ಬನ ಜೊತೆ
ಹತ್ತು ರೂಪಾಯಿಯ ಹಿಂದೆ ಹಿಂದೆ
ಬಾಳೆಹಣ್ಣಿನ ಗಾಡಿಯ ತನಕ ನಡೆದಿದ್ದೇನೆ.
ಅವನ ತಂಗಿಗೆ ಅದೇ ವಾರ ಅವಳಿ ಹುಟ್ಟಿದ್ದವು.
ಹೆಸರು ಆಗಲೂ ಕೇಳಲಿಲ್ಲ.
ಅವಳಿಗೀಗ ಹತ್ತೊಂಬತ್ತು ಇರಬೇಕು.

ಈಗ ಅಲ್ಲೂ ಫೋನು ತೋರಿಸಿದರೆ ಸಾಕಂತೆ.
ಪೈಸೆಗೆ ಪೈಸೆ ಲೆಕ್ಕ ಚೊಕ್ಕ.
ಯಾರೂ ಯಾರಿಗೂ ಐದು ರೂಪಾಯಿ ಬಾಕಿ ಇಲ್ಲ.

ಇಲ್ಲಿ ಮಾರ್ಚಿನಲ್ಲಿ ಹೊಸ ಬಸ್ಸು ಬಂತು,
ಬ್ಯಾಟರಿಯದು,
ಈ ಊರಿನ ಏರು ಏರುವಾಗಲೂ ಏದುಸಿರು ಬಿಡದ್ದು.
ಹೊಟ್ಟೆಗೆ ಇನ್ನೊಂದು ಬಾಗಿಲು.
ಮುಂದೆ ಹತ್ತಿ, ನಡುವೆ ಇಳಿಯಿರಿ,
ನಿಲ್ದಾಣಕ್ಕೆ ಹನ್ನೊಂದು ಸೆಕೆಂಡು ಉಳಿತಾಯ
ಎಂದು ಗಾಜಿಗೆ ಹಾಳೆ ಅಂಟಿಸಿದ್ದಾರೆ.

ಆ ಹನ್ನೊಂದು ಸೆಕೆಂಡಿನಲ್ಲಿ ಏನಿತ್ತು ಅಂತ
ಸಾಲೆಹ್‌ನನ್ನು ಕೇಳಬೇಕು.
ಅವನ ಅಜ್ಜ ಏಡನ್ನಿನಲ್ಲಿ ಹಡಗು ಹತ್ತಿ
ಇಲ್ಲಿಯ ಉಕ್ಕಿನ ಕುಲುಮೆಗೆ ಬಂದವನು.
ಹತ್ತುವಾಗ ಒಂಟಿ, ಇಳಿಯುವಾಗ
ಹನ್ನೆರಡು ಜನ ಅಣ್ಣತಮ್ಮಂದಿರು, ಅಷ್ಟು ನಿಧಾನದ ಹಡಗು.
ಮೊಮ್ಮಗ ಕನ್ನಡಿಯಲ್ಲಿ ಬೆನ್ನುಗಳನ್ನು ನೋಡುತ್ತಾನೆ.
'ಮೊದಲು ದಿನಕ್ಕೆ ನಾನೂರು ಲವ್ ಸಿಗ್ತಿತ್ತು,
ಮನೇಲಿ ಒಂದೂ ಸಿಗದಿದ್ರೂ ನಡೀತಿತ್ತು'
ಅಂದು ನಗುತ್ತಾನೆ,
ಅದೂ ಸಿಗ್ನಲ್ ಕೆಂಪಾದಾಗ.

ಸಿರಿಲ್ ಒಬ್ಬ ಬಿಟ್ಟಿರಲಿಲ್ಲ.
ಎಂಬತ್ತಾರು. ಮಿಲ್ಲಿನ ಸುತ್ತಿಗೆ ಅವನ ಕಿವಿ ತಿಂದಿದೆ,
ಹೇಳಬಾರದು, ಆದರೂ,
ಅದರ ನಕ್ಷೆ ನನ್ನ ಕಡತದಲ್ಲಿದೆ:
ಬಲಕ್ಕೆ ಬಂದಂತೆ ಬಾವಿಗಿಳಿಯುವ ಗೆರೆ.
ತನ್ನ ದನಿ ತನಗೇ ಕೇಳದವನು
ನಡುಬಾಗಿಲ ಕಂಬಿ ಹಿಡಿದು ಒದರುತ್ತಿದ್ದ,
'ಟಾ, ಲವ್!'
ಮಗುವೊಂದು ಬೆಚ್ಚುತ್ತಿತ್ತು.
ಇಯರ್‌ಫೋನಿನ ಹುಡುಗಿ ಒಂದು ಕಿವಿ ಬಿಚ್ಚುತ್ತಿದ್ದಳು.
ಅಷ್ಟು ದೂರದಲ್ಲಿ, ತಿರುಗದೆಯೇ,
ಸಾಲೆಹ್‌ನ ಎಡಗೈ ಏಳುತ್ತಿತ್ತು.

ಮಂಗಳವಾರ ನಾನೇ ಅವನಿಗೆ ಯಂತ್ರ ಹಾಕಿಕೊಟ್ಟೆ,
ಕಿವಿಯ ಹಿಂದೆ ಹುಣಸೆಬೀಜದಷ್ಟು.
ಕಾಗದ ಸರಿಸಿದ ಸದ್ದಿಗೆ ಅತ್ತುಬಿಟ್ಟ.
ಬುಧವಾರ ಬಸ್ಸಿನಲ್ಲಿ ಎಂದಿನಂತೆ ಒದರಿ
ತನ್ನ ದನಿಗೆ ತಾನೇ ಬೆಚ್ಚಿ,
ಸುತ್ತ ನೋಡಿ, ಕೆಂಪಾದ.

ಗುರುವಾರ ಬರೀ ತುಟಿ ಅಲುಗಿತು.
ಮುಂದೆ ಯಾವ ಕೈಯೂ ಏಳಲಿಲ್ಲ.
ಅವನ ಹಿಂದೆಯೇ ಇಳಿಯುತ್ತಿದ್ದೆ ನಾನು,
ತಪ್ಪು ನನ್ನದೇ ಅನ್ನಿಸಿ ಬಾಯಿ ತೆರೆದೆ.
ಲವ್ ಅನ್ನಲು ನಾಲಿಗೆ ಹೊರಳಲಿಲ್ಲ,
ಧನ್ಯವಾದ ಎನ್ನಲು ಮೈಕಿರಲಿಲ್ಲ.
ಹೊರಬಿದ್ದದ್ದು ಗದಗ ಬಸ್‌ಸ್ಟ್ಯಾಂಡಿನ ಗಂಟಲಲ್ಲಿ
'ಬರ್ತೀನ್ರೀ!'

ಬಾಗಿಲು ಮುಚ್ಚಿತ್ತು. ಬಸ್ಸು ಸದ್ದಿಲ್ಲದೆ ಹೋಯಿತು,
ಕೈ ಎದ್ದಿತೋ ಇಲ್ಲವೋ ಕಾಣಲಿಲ್ಲ.
ಸಿರಿಲ್ ಬಲಗಿವಿ ಮುಚ್ಚಿಕೊಂಡು
'ಮೆಲ್ಲಗೆ, ಲವ್' ಅಂದ.